ಓದುಗರ ಪ್ರಶ್ನೆ: ದೊಡ್ಡ ಕಂಪನಿ ಬಂದ್ರ ನಮ್ಮ ಹುಡುಗೂರಿಗೆ ನೌಕರಿ ಸಿಗ್ತೈತೇನ್ರಿ?

ಈ ಸಲಾನೂ ಅವೇ ಪ್ರಶ್ನೆ ಬಂದಾವ. ಹುಬ್ಬಳ್ಳಿ, ರಾಣೇಬೆನ್ನೂರು, ಗದಗ, ನವಲಗುಂದ, ಎಲ್ಲಿಂದ ಬರದ್ರೂ ಮಾತು ಒಂದ. ಇಪ್ಪತ್ತು ವರ್ಷದ ಮ್ಯಾಲಾತು ಸಣ್ಣ ಕೈಗಾರಿಕೆಯವರ ಪ್ರಾಜೆಕ್ಟ್ ರಿಪೋರ್ಟು, ಬ್ಯಾಂಕ್ ಫೈಲು ನೋಡ್ಕೋತ ಬಂದೀನಿ, ಹಿಂಗಾಗಿ ಉತ್ತರದಾಗ ಸ್ವಲ್ಪ ಸಿಟ್ಟು ಕಂಡ್ರ ತಪ್ಪು ತಿಳ್ಕೋಬ್ಯಾಡ್ರಿ. ಉದ್ಯಮ್ ನೋಂದಣಿ, ಅಂದ್ರ ಸಣ್ಣ ಉದ್ಯಮದವರು ಸರ್ಕಾರದಾಗ ಹೆಸರು ಬರಸೂದು, ಹೆಂಗ ಮಾಡಸೂದು ಅಂತ ಏಳೆಂಟು ಮಂದಿ ಕೇಳೀರಿ. ಅದು ಪುಕ್ಕಟೆ, ಆಧಾರ್ ಪ್ಯಾನ್ ಇದ್ರ ಮೊಬೈಲ್‌ನಾಗ ಆಗ್ತೈತಿ, ಅದಕ್ಕಿಂತ ಹೆಚ್ಚು ಬರಿಯೂದಿಲ್ಲ.

ಪ್ರಶ್ನೆ: ಸರ್, 2025ರ ಫೆಬ್ರವರಿಯ ಹೂಡಿಕೆದಾರರ ಸಮಾವೇಶದಾಗ 10 ಲಕ್ಷ ಕೋಟಿಗೂ ಹೆಚ್ಚು ಒಪ್ಪಂದ ಆಗ್ಯಾವಂತ ಓದಿದೆ. ನಮ್ಮ ಭಾಗಕ್ಕ ಒಂದ ಒಂದು ದೊಡ್ಡ ಕಂಪನಿ ಬಂದ್ರ ಎಲ್ಲಾ ಸರಿ ಹೋಗ್ತೈತಲ್ಲ, ಯಾವಾಗ ಬರ್ತೈತಿ? ಮಗ ಬಿಇ ಮೆಕ್ಯಾನಿಕಲ್ ಮುಗಿಸಿ ಎರಡು ವರ್ಷ ಆತು, ಮನ್ಯಾಗ ಅದಾನ. ಬೆಂಗಳೂರಿಗೆ ಕಳಸೂ ಮನಸ್ಸಿಲ್ಲ. (ನಿವೃತ್ತ ಶಿಕ್ಷಕರು, ಹುಬ್ಬಳ್ಳಿ)

ಉತ್ತರ: ಗುರುಗಳ, ಒಪ್ಪಂದ ಅಂದ್ರ ಕನ್ಯಾ ನೋಡಿ ಬಂದಂಗ, ಅಕ್ಕಿಕಾಳು ಬಿದ್ದಂಗಲ್ಲ. ಅದರ ಮ್ಯಾಲ ಜಾಗ ಆಗ್ಬೇಕು, ನೀರು ಆಗ್ಬೇಕು, ಪರಿಸರ ಅನುಮತಿ ಸಿಗ್ಬೇಕು, ಬ್ಯಾಂಕ್ ಸಾಲ ಕೊಡ್ಬೇಕು, ಆಮ್ಯಾಲ ಮಷಿನ್ನು, ಆಮ್ಯಾಲ ನೌಕರಿ. ನಮ್ಮ ಕಣ್ಣ ಮುಂದ ಆಗಿದ್ದು ಮರ್ತೀರೇನು? 2010ರ ಸಮಾವೇಶದಾಗ ಕೊರಿಯಾದ ಪೋಸ್ಕೋ ಕಂಪನಿ ಗದಗ ಜಿಲ್ಲಾಕ್ಕ 60 ಲಕ್ಷ ಟನ್ನಿನ ಉಕ್ಕಿನ ಕಾರ್ಖಾನಿ ತರ್ತೀವಿ ಅಂತ ಸಹಿ ಮಾಡ್ತು, 32 ಸಾವಿರ ಕೋಟಿ ಅಂದ್ರು, ಮುಂಡರಗಿ ತಾಲೂಕಿನ ಹಳ್ಳಿಗುಡಿ ಕಡೆ ಮೂರು ಸಾವಿರ ಎಕರೆ ಮ್ಯಾಲ ಜಮೀನು ಬೇಕಂದ್ರು. ರೈತರು ಎದ್ದು ನಿಂತ್ರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದ ನಿಂತ್ರು, 2011ರಾಗ ಸರ್ಕಾರ ಭೂಸ್ವಾಧೀನ ನಿಲ್ಲಿಸ್ತು, 2013ರಾಗ ಕಂಪನಿನೂ ಹಿಂದ ಸರೀತು. ಹೊಲ ಉಳಿಸ್ಕೊಂಡಿದ್ದು ಸರಿ ಅಂತ ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ. ಆದ್ರ ಕಂಪನಿ ಬಂದಬಿಡ್ತೈತಿ ಅಂತ ನನಗ ಗೊತ್ತಿದ್ದವರೊಬ್ಬರು ಮುಂಡರಗಿಯೊಳಗ ಸಾಲ ಮಾಡಿ ಖಾನಾವಳಿ ಕಟ್ಟಡ ಎಬ್ಬಿಸಿದ್ರು, ಅದು ಪಿಲ್ಲರ್ ಮಟ್ಟಕ್ಕ ನಿಂತು ಸರಳು ತುಕ್ಕು ಹಿಡೀತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ನಿಮ್ಮ ಮಗನ ಎರಡು ವರ್ಷಾನೂ ಹಂಗ ತುಕ್ಕು ಹಿಡಿಯಾಕತ್ತಾವ, ಇದನ್ನ ಬಿರುಸಾಗೇ ಹೇಳ್ತೀನಿ.

ಇನ್ನ ಲೆಕ್ಕಕ್ಕ ಬರ್ರಿ. ರಾಜ್ಯದ 2025-30ರ ಕೈಗಾರಿಕಾ ನೀತಿ ಇಟ್ಕೊಂಡ ಗುರಿ ಏಳೂವರೆ ಲಕ್ಷ ಕೋಟಿ ಹೂಡಿಕೆ, 20 ಲಕ್ಷ ಉದ್ಯೋಗ. ಭಾಗಾಕಾರ ಮಾಡ್ರಿ, ಒಂದು ಉದ್ಯೋಗಕ್ಕ ಮೂವತ್ತೇಳೂವರೆ ಲಕ್ಷ ರೂಪಾಯಿ ಬಂಡವಾಳ ಬೀಳ್ತೈತಿ. ಇದು ಸರ್ಕಾರದ್ದೇ ಅಂಕಿ. ಉಕ್ಕು, ಸಿಮೆಂಟು, ಸೋಲಾರ್ ಅಂದ್ರ ಒಂದು ನೌಕರಿಗೆ ಬೀಳೂ ರೊಕ್ಕ ಇನ್ನೂ ದೊಡ್ಡದು, ಯಾಕಂದ್ರ ಅಲ್ಲಿ ಕೆಲಸ ಮಾಡೂದು ಮಷಿನ್ನು. ಅದೇ ಪಿಎಂಇಜಿಪಿ, ಅಂದ್ರ ಸಣ್ಣ ಘಟಕ ಹಾಕೂವರಿಗೆ ಸಾಲ, ಸಬ್ಸಿಡಿ ಕೊಡೂ ಕೇಂದ್ರದ ಯೋಜನೆಯೊಳಗ ಉತ್ಪಾದನಾ ಘಟಕಕ್ಕ ಹೆಚ್ಚಂದ್ರ 50 ಲಕ್ಷದ ಪ್ರಾಜೆಕ್ಟ್, ಅದನ್ನ ನಡಸೂ ಖಾದಿ ಆಯೋಗ ಒಂದು ಘಟಕಕ್ಕ ಸರಾಸರಿ 8 ಮಂದಿಗೆ ಕೆಲಸ ಅಂತ ಲೆಕ್ಕ ಹಿಡೀತೈತಿ. ಹಂಗಂತ ಸಣ್ಣದೆಲ್ಲಾ ಬಂಗಾರ ಅಂತ ನಾನು ಹೇಳೂದಿಲ್ಲ. ಸಣ್ಣ ಘಟಕದಾಗ ಪಗಾರ ಕಡಿಮಿ, ಬಾಗಿಲಾ ಹಾಕೂದೂ ಜಲ್ದಿ.

ದೊಡ್ಡ ಕಂಪನಿ ಬ್ಯಾಡ ಅಂತಾನೂ ಅಲ್ಲ. ಧಾರವಾಡದಾಗ ಟಾಟಾದವರ ಬಸ್ಸಿನ ಕಾರ್ಖಾನಿ ಐತಿ, ಟಾಟಾ ಹಿಟಾಚಿ ಐತಿ, ಅಲ್ಲಿ ದುಡುದು ಮನಿ ಕಟ್ಟಿಸಿದವರನ್ನ ನಾನ ನೋಡೀನಿ. ಆದ್ರ ಯಾವುದೇ ದೊಡ್ಡ ಕಂಪನಿ ಬರ್ತೈತಿ ಅಂದ ಕೂಡ್ಲೆ ಶಾಸಕರಿಗೆ ಎಷ್ಟು ಕೋಟಿ ಅಂತ ಕೇಳಬ್ಯಾಡ್ರಿ. ಕಾಯಂ ನೌಕರಿ ಎಷ್ಟು, ಗುತ್ತಿಗಿ ಎಷ್ಟು, ಬೋಲ್ಟು, ಸೀಟು, ರಬ್ಬರು, ಪೇಂಟು ಎಲ್ಲಿಂದ ತರಸ್ತಾರ, ಅದರಾಗ ಹುಬ್ಬಳ್ಳಿಯ ತಾರಿಹಾಳ, ಗೋಕುಲ ರೋಡು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡಿನವರಿಗೆ ಎಷ್ಟು ಆರ್ಡರು, ಇದನ್ನ ಕೇಳ್ರಿ. ಬಿಡಿಭಾಗ ಎಲ್ಲಾ ಪುಣೆಯಿಂದ ಲಾರಿಯೊಳಗ ಬಂದ್ರ ನಮಗ ಉಳಿಯೂದು ಲಾರಿ ಇಳಿಸೂ ಹಮಾಲಿ ಅಷ್ಟ.

ಇನ್ನ ಮುಖ್ಯ ಮಾತು. ನೌಕರಿ ಎಲ್ಲಿ ಸಿಕ್ಕೊಂಡೈತಿ ಅಂತ ನೋಡ್ಬೇಕಂದ್ರ ನನ್ನ ಜತಿ ತಾರಿಹಾಳಕ್ಕ ಬರ್ರಿ. ಹುಬ್ಬಳ್ಳಿ ವಾಲ್ವ್ (ಪೈಪಿನಾಗ ನೀರು, ಗ್ಯಾಸು ತಡಿಯೂ, ಬಿಡೂ ಸಾಮಾನು) ಮಾಡೂ ಊರು, ಇದು ಊರವರಿಗೇ ಅರ್ಧ ಮಂದಿಗೆ ಗೊತ್ತಿಲ್ಲ, ಬಿಡಿಕೆ, ಮೈಕ್ರೋಫಿನಿಶ್‌ನಂಥ ಹೆಸರು ಇಲ್ಲಿಯವೇ, ಅವರ ಸುತ್ತ ಸಣ್ಣ ಶೆಡ್ಡು ಬೆಳದಾವ. ಹೋದ ತಿಂಗಳು ಅಂಥ ಒಂದು ಶೆಡ್ಡಿಗೆ ಹೋಗಿದ್ದೆ, ಹದಿನಾರು ಮಂದಿ ಕೆಲಸದವರು. ಬೆಳಗಾವಿ ಫೌಂಡ್ರಿಯಿಂದ ಬಂದ ವಾಲ್ವ್ ಬಾಡಿ ಸಿಎನ್‌ಸಿ, ಅಂದ್ರ ಕಂಪ್ಯೂಟರ್ ಹೇಳಿದಂಗ ಲೋಹ ಕಡಿಯೂ, ಮಷಿನ್ನಿಗೆ ಏರಿಸಿ ಹಾನಗಲ್ ಕಡಿಯ ಹುಡುಗ ಒಬ್ಬ ಸೀಟ್ ಕೂಡೂ ಜಾಗ ಕಡಿಯಾಕತ್ತಿದ್ದ. ಒಂದು ಕಟ್ ಆದಮ್ಯಾಲ ಮಷಿನ್ ನಿಲ್ಲಿಸಿ, ಅರಿವಿಲೆ ಕೂಲಂಟ್ ಒರಿಸಿ, ಬೋರ್ ಗೇಜ್ ಇಳಿಬಿಟ್ಟು ನೋಡ್ದ, 20 ಮೈಕ್ರಾನ್ ಇನ್ನೂ ಸಣ್ಣದಿತ್ತು, ಆಫ್‌ಸೆಟ್ ತಿದ್ದಿ ಮತ್ತ ಓಡಿಸ್ದ. ಕೂದಲಿಗಿಂತ ತೆಳುವಿನ ಲೆಕ್ಕ ಅದು. ಆಚಿ ಕಡೆ ಟೆಸ್ಟ್ ಬೆಂಚಿನ ಮ್ಯಾಲ ತಯಾರಾದ ವಾಲ್ವಿಗೆ ನೀರು ತುಂಬಿ ಒಂದೂವರೆ ಪಟ್ಟು ಪ್ರೆಶರ್ ಕೊಟ್ಟು ಒಬ್ಬ ಹೆಣ್ಣುಮಗಳು ಟಾರ್ಚ್ ಹಿಡ್ಕೊಂಡು ಎಲ್ಲಾರ ಹನಿ ಬರ್ತೈತೇನು ಅಂತ ನೋಡಾಕತ್ತಿದ್ಲು. ಮಾಲಕರು ಅಂದ್ರು, ಸರ, ಇವನಂಥ ಸೆಟ್ಟರ್ ಇನ್ನೊಬ್ಬ ಸಿಕ್ರ ನಾಳೆನ ಎರಡನೇ ಶಿಫ್ಟ್ ಚಾಲೂ ಮಾಡ್ತೀನಿ, ಶಿಫ್ಟ್ ಅಂದ್ರ ಮತ್ತ ಆರು ಮಂದಿ. ಅವರ ಟೇಬಲ್ಲಿನ ಮ್ಯಾಲ ಬಯೋಡೇಟಾದ ಒಟ್ಟಲಾ ಬಿದ್ದಿತ್ತು, ಎಲ್ಲಾ ಬಿಇ, ಮಷಿನ್ ಸೆಟ್ಟಿಂಗ್ ಬರೂದು ಒಬ್ಬಗೂ ಇಲ್ಲ.

ಗುರುಗಳ, ಆ ಆರು ನೌಕರಿ ಯಾವ ಸಮಾವೇಶದಾಗೂ ಸಿಗೂದಿಲ್ಲ, ಒಬ್ಬ ಸೆಟ್ಟರ್ ಇಲ್ಲಂತ ನಿಂತಾವ. ನಿಮ್ಮ ಮಗನ್ನ ನಾಳೆನ ಹುಬ್ಬಳ್ಳಿ ಜಿಟಿಟಿಸಿಗೆ (ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ) ಕಳಸ್ರಿ, ಸಿಎನ್‌ಸಿ ಅಲ್ಪಾವಧಿ ಕೋರ್ಸ್ ಕೇಳ್ಲಿ. ಬಿಇ ಮಾಡಿದವ ಮಷಿನ್ ಮುಂದ ಹೆಂಗ ನಿಲ್ಲಲಿ ಅಂದ್ರ ನನ್ನ ಕಡೆ ಉತ್ತರ ಇಲ್ಲ, ಆ ಸಂಕೋಚಾನ ಅವನ್ನ ಮನ್ಯಾಗ ಕೂಡ್ಸೈತಿ. ಇನ್ನೊಂದು, 30 ಅಥವಾ ಹೆಚ್ಚು ಮಂದಿ ಇರೂ ಕಂಪನಿಯವರು ಒಟ್ಟು ಕೆಲಸದವರೊಳಗ ಎರಡೂವರೆಯಿಂದ 15 ಪರ್ಸೆಂಟ್ ಅಪ್ರೆಂಟಿಸ್, ಅಂದ್ರ ಕೆಲಸ ಕಲಿಯೂವರನ್ನ, ತಗೋಳೇಬೇಕು, ಕಾನೂನು ಐತಿ, ಪದವಿ ಮುಗಿಸಿದವರೂ ಸೇರಬಹುದು. ಹೋಗಿ ಕೇಳ್ಬೇಕು. ನಿಮ್ಮ ಮಗ ಈ ಎರಡು ವರ್ಷದಾಗ ಎಷ್ಟು ಗೇಟಿಗೆ ಹೋಗಿ ಕೇಳ್ಯಾನ?

ಆ ಮಾಲಕರದ್ದು ಇನ್ನೊಂದು ತ್ರಾಸು ಐತಿ, ಅದು ನೀತಿ ಮಾಡೂವರು ಕೇಳೂ ಮಾತು. ಒಂದು ದೊಡ್ಡ ಗಿರಾಕಿ ಐದು ತಿಂಗಳಾತು ಬಿಲ್ ಕೊಟ್ಟಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ಸಣ್ಣವರಿಗೆ ಹೆಚ್ಚಂದ್ರ 45 ದಿನದಾಗ ರೊಕ್ಕ ಕೊಡ್ಬೇಕು, ತಡ ಆದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಾ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯೊಳಗೂ ಬಿಗಿ ಮಾಡ್ಯಾರ, ಆ ಗಡುವು ಮೀರಿದ್ರ ರೊಕ್ಕ ಕೊಡೂತನಕ ಕೊಂಡವರಿಗೆ ಅದನ್ನ ಖರ್ಚು ಅಂತ ತೋರಿಸಾಕ ಬರೂದಿಲ್ಲ. ಆದ್ರೂ ಇವರು ದೂರು ಕೊಡೂದಿಲ್ಲ, ಕೊಟ್ರ ಆರ್ಡರ್ ಹೋಗ್ತೈತಿ ಅಂತ ಅಂಜಿಕಿ. ಐದು ತಿಂಗಳು ರೊಕ್ಕ ಹೊರಗ ಇದ್ದವ ಹೊಸ ಮನಷ್ಯಾನ್ನ ಹೆಂಗ ತಗೋತಾನ? ಸರ್ಕಾರ ತಾನ ಆ ಬಾಕಿ ಹಿಂದ ಬಿದ್ದು ವಸೂಲಿ ಮಾಡಿಸಿದ್ರ ಹೊಸಾ ಯೋಜನೆ ಒಂದೂ ಘೋಷಣಾ ಮಾಡ್ಲಾರದ ನೌಕರಿ ಹುಟ್ತಾವ.

ಬ್ಯಾಡಗಿ ಕಡೆ ನೋಡ್ರಿ ಹಂಗಾರ. ಮೆಣಸಿನಕಾಯಿಗೆ 2011ರಾಗ ಜಿಐ, ಅಂದ್ರ ಈ ಭಾಗದ್ದೇ ವಿಶಿಷ್ಟ ಮಾಲು ಅನ್ನೂ, ಮಾನ್ಯತಿ ಸಿಕ್ತು, ಖಾರ ಕಡಿಮಿ, ಬಣ್ಣ ಹೆಚ್ಚು, ಆ ಬಣ್ಣಕ್ಕ ಲೋಕಾನ ಬರ್ತೈತಿ. ಹೆಣ್ಮಕ್ಕಳು ಸಾಲಾಗಿ ಕುಂತು ಕೆಮ್ಮಕೋತ ತುಂಬು (ತೊಟ್ಟು) ಬಿಡಸ್ತಾರ, ಕಿಲೋ ಲೆಕ್ಕದಾಗ ಕೂಲಿ, ಚೀಲಾ ಹೊಲದು ಲಾರಿ ಹತ್ತಸ್ತಾರ. ಆ ಬಣ್ಣದ ಎಣ್ಣಿ ತಗದು ಪರದೇಶಕ್ಕ ಕಳಸೂ ದೊಡ್ಡ ಕಂಪನಿಗಳ ತವರು ಕೇರಳದ ಕೊಚ್ಚಿ ಸುತ್ತಮುತ್ತ. ಲ್ಯಾಬು, ಕೆಮಿಸ್ಟು, ಪ್ಯಾಕಿಂಗು, ರಫ್ತಿನ ಕಾಗದಪತ್ರ, ಈ ಒಳ್ಳೆ ಪಗಾರದ ನೌಕರಿ ಬಹುಪಾಲು ಅಲ್ಲಿ, ಕೆಮ್ಮು ನಮ್ಮ ಕಡೆ. 2024ರ ಮಾರ್ಚ್‌ದಾಗ ರೇಟ್ ಬಿದ್ದಾಗ ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು, ಆ ಸಿಟ್ಟು ಬರೇ ಒಂದು ದಿನದ ರೇಟಿಂದಲ್ಲ, ಮಾಲು ಹಿಡಿದಿಟ್ಟು ಮಾರೂ ತಾಕತ್ತು ಬೆಳದವಗ ಇಲ್ಲ. ಉಕ್ಕಿನ ಕಾರ್ಖಾನಿಗೆ ಸಾವಿರಾರು ಎಕರೆ ಹುಡುಕೂ ಬದಲಿ ಬ್ಯಾಡಗಿಯೊಳಗ ಎಲ್ಲಾ ಸಣ್ಣವರೂ ಉಪಯೋಗಸೂವಂಥ ಒಂದು ಒಳ್ಳೆ ಪರೀಕ್ಷಾ ಲ್ಯಾಬು, ಆವಿಯೊಳಗ ಶುದ್ಧಿ ಮಾಡೂ ಒಂದು ಘಟಕ ಕೊಡ್ರಿ ಅಂತ ನಾನು ಎಷ್ಟು ಮೀಟಿಂಗಿನಾಗ ಹೇಳೀನೋ.

ನೀತಿ ಅಂದ್ರ ಕೊಡೂದಷ್ಟ ಅಲ್ಲ, ಕಸಗೋಳೂದೂ ಆಗ್ತೈತಿ. ನಮ್ಮ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತಿಯ ರಾಷ್ಟ್ರಧ್ವಜ ಹೊಲಿಯೂ ಜಾಗ, ನೂಲೂದ್ರಿಂದ ಹಿಡದು ಹೊಲಿಯೂತನಕ ಹೆಚ್ಚಿನವರು ಹೆಣ್ಮಕ್ಕಳು. 2021ರ ಡಿಸೆಂಬರ್ ಕೊನಿಗೆ ಧ್ವಜ ಸಂಹಿತೆಯೊಳಗ ಪಾಲಿಸ್ಟರ್, ಮಷಿನ್ ಬಟ್ಟಿಗೂ ಒಪ್ಪಿಗಿ ಕೊಟ್ರು, ಒಂದು ಸಾಲಿನ ತಿದ್ದುಪಡಿ, ಖಾದಿ ಧ್ವಜದ ಆರ್ಡರಿಗೆ ಪೆಟ್ಟು ಬಿತ್ತು. ಆ ಹೆಣ್ಮಕ್ಕಳ ಕೆಲಸದ ಲೆಕ್ಕ ಆ ದಿನ ಯಾರೂ ಹಾಕಲಿಲ್ಲ, ಅದು ನನಗ ಇವತ್ತಿಗೂ ಸಂಕಟ.

ಪ್ರಶ್ನೆ: ಪಿಎಂಇಜಿಪಿ ಸಬ್ಸಿಡಿ ಕೊಡಸ್ತೀನಿ, 40 ಸಾವಿರ ಮೊದಲ ಕೊಡು ಅಂತ ಒಬ್ಬ ಏಜೆಂಟ್ ಅಂತಾನ. ಕೊಡ್ಲೇನ್ರಿ? (ರೋಣ)

ಉತ್ತರ: ಕೊಡಬ್ಯಾಡ. ಅರ್ಜಿ ಆನ್‌ಲೈನ್, ಜಿಲ್ಲಾ ಕೈಗಾರಿಕಾ ಕೇಂದ್ರದವರು ಪುಕ್ಕಟೆ ಹೇಳ್ತಾರ. ಹಳ್ಳಿಯೊಳಗ ಘಟಕ ಹಾಕಿದ್ರ ಸಾಮಾನ್ಯ ವರ್ಗಕ್ಕ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರಿಗೆ 35 ಪರ್ಸೆಂಟ್ ಸಬ್ಸಿಡಿ, ಆದ್ರ ಏಜೆಂಟ್ ಹೇಳಲಾರದ ಮಾತು ಕೇಳ, ಆ ರೊಕ್ಕ ನಿನ್ನ ಕೈಗೆ ಬರೂದಿಲ್ಲ, ಮೂರು ವರ್ಷ ಬ್ಯಾಂಕಿನಾಗ ಠೇವಣಿಯಾಗಿ ಕುಂದರ್ತೈತಿ, ಘಟಕ ಖರೇನ ನಡದ್ರ ಸಾಲಕ್ಕ ಜಮಾ ಆಗ್ತೈತಿ. ಸಬ್ಸಿಡಿ ಹೊಡ್ಕೊಂಡು ಶೆಡ್ಡಿಗೆ ಕೀಲಿ ಹಾಕೂಣು ಅಂತ ಏಜೆಂಟ್ ಹುರುದುಂಬಿಸಿದ್ರ ಉಳಿಯೂದು ನಿನ್ನ ಹೆಸರಿಲೆ ಸಾಲ ಒಂದ. ಹಿಂಗ ಹೊಲಾ ಕಳ್ಕೊಂಡವರ ಫೈಲು ನನ್ನ ಕಪಾಟಿನಾಗ ಅದಾವ, ತೆಗದ್ರ ಕಣ್ಣಾಗ ನೀರು ಬರ್ತಾವ.

ಪ್ರಶ್ನೆ: ಸಂವಿಧಾನದ 371ಜೆ ಕಲಮಿನ ಅಡಿ ನಮ್ಮ ಹಾವೇರಿ ಹುಡುಗೂರಿಗೆ ಮೀಸಲಾತಿ ಹೆಂಗ ತಗೋಳೂದು?

ಉತ್ತರ: ಬರೂದಿಲ್ಲ. ಅದು ಬೀದರ್‌ದಿಂದ ಬಳ್ಳಾರಿತನಕ ಕಲ್ಯಾಣ ಕರ್ನಾಟಕಕ್ಕ, ಧಾರವಾಡ, ಗದಗ, ಹಾವೇರಿ ಅದರಾಗ ಇಲ್ಲ.

ಪ್ರಶ್ನೆ: ರೈಲ್ವೆ ವರ್ಕ್‌ಶಾಪಿನಾಗ ಅಪ್ರೆಂಟಿಸ್ ಮಾಡಸ್ತೀನಿ ಅಂತ ಒಬ್ರು ಲಕ್ಷ ಕೇಳ್ಯಾರ.

ಉತ್ತರ: ಎಸ್‌ಎಸ್‌ಎಲ್‌ಸಿ ಮತ್ತ ಐಟಿಐ ಅಂಕದ ಮ್ಯಾಲ ಪಟ್ಟಿ ಆಗ್ತೈತಿ, ಮಾರ್ಕ್ಸ್ ಯಾರೂ ಮಾರೂದಿಲ್ಲ. ಪೊಲೀಸರಿಗೆ ಹೇಳ್ರಿ.

ಪ್ರಶ್ನೆ: ಖಾಸಗಿ ಕಂಪನಿಯೊಳಗ ಕನ್ನಡಿಗರಿಗೆ ಮೀಸಲಾತಿ ಬಂದ್ರ?

ಉತ್ತರ: 2024ರ ಜುಲೈದಾಗ ಸಂಪುಟ ಒಪ್ಪಿದ ಮಸೂದೆ ಕೆಲವೇ ದಿನದಾಗ ತಡೆ ಹಿಡದ್ರು. ಅದನ್ನ ನಂಬಿ ಮನ್ಯಾಗ ಕುಂದರಬ್ಯಾಡ್ರಿ.

ಪ್ರಶ್ನೆ: ಮಗಳು ಡಿಪ್ಲೊಮಾ ಮೆಕ್ಯಾನಿಕಲ್. ಕಾರ್ಖಾನಿಗೆ ಕಳಸಾಕ ಮನ್ಯಾಗ ಹಿರ್ಯಾರು ಒಪ್ಪವಲ್ರು. (ಬೆಟಗೇರಿ, ಗದಗ)

ಉತ್ತರ: ಕಳಸ್ರಿ ತಾಯಿ. ಟಾರ್ಚ್ ಹಿಡ್ಕೊಂಡು ವಾಲ್ವ್ ಟೆಸ್ಟ್ ಮಾಡಾಕತ್ತಿದ್ದ ಹುಡುಗಿನೂ ನಿಮ್ಮ ಜಿಲ್ಲಾದಾಕಿನ. ಆದ್ರ ಮೊದಲ ನೀವ ಒಂದ್ಸಲ ಹೋಗಿ ನೋಡ್ರಿ, ಹೆಣ್ಮಕ್ಕಳ ಶೌಚಾಲಯಕ್ಕ ಒಳಗಿಂದ ಚಿಲಕ ಐತೇನು, ಶಿಫ್ಟ್ ಬಿಡೂ ಹೊತ್ತಿಗೆ ಬಸ್ ಐತೇನು, ಹತ್ತು ಅಥವಾ ಹೆಚ್ಚು ಮಂದಿ ಇದ್ರ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮಾ), ಇಪ್ಪತ್ತು ಅಥವಾ ಹೆಚ್ಚು ಇದ್ರ ಪಿಎಫ್ ಕಟ್ತಾರೇನು. ನೇಮಕಾತಿ ಪತ್ರ ಕೈಗೆ ಬಂದಮ್ಯಾಲ ಅದನ್ನ ಹಿರ್ಯಾರ ಮುಂದ ಓದಿಸ್ರಿ, ಮಗಳ ಕಡೆಯಿಂದನ ಓದಿಸ್ರಿ.