ಟೋಕಿಯೊ ಡಿಸ್ನಿಲ್ಯಾಂಡಿನ ತನಬಾತ ಹಬ್ಬ

ಜುಲೈನಲ್ಲಿ ಟೋಕಿಯೊ ಡಿಸ್ನಿಲ್ಯಾಂಡಿಗೆ ಹೋದರೆ ತನಬಾತ ಅನ್ನುವ ಜಪಾನಿನ ನಕ್ಷತ್ರ ಹಬ್ಬದಲ್ಲಿ ಮಕ್ಕಳಿಗೆ ನೋಡಲು ಏನಿರುತ್ತದೆ ಎಂದು ಕೇಳಿದ್ದೀರಿ. ನಾವು ಹೋದಾಗ ಮಿಕ್ಕಿ, ಮಿನ್ನಿ ಇಬ್ಬರೂ ಹಿಕೊಬೋಶಿ, ಒರಿಹಿಮೆ ವೇಷದಲ್ಲಿ ರಿಕ್ಷಾ ಏರಿ ಬಂದಿದ್ದರು. ಈ ಹಬ್ಬದ ಹಿಂದಿನ ಕಥೆಯಲ್ಲಿ ಹಿಕೊಬೋಶಿ ದನ ಕಾಯುವವನು, ಒರಿಹಿಮೆ ಬಟ್ಟೆ ನೇಯುವವಳು. ಮದುವೆಯಾದ ಮೇಲೆ ಇಬ್ಬರೂ ಕೆಲಸ ಮರೆತರು ಅಂತ ಹುಡುಗಿಯ ಅಪ್ಪ ಅವರನ್ನು ಆಕಾಶಗಂಗೆಯ ಆಚೆ ಈಚೆ ಇಟ್ಟುಬಿಟ್ಟ. ಭೇಟಿ ವರ್ಷಕ್ಕೊಮ್ಮೆ, ಜುಲೈ 7ಕ್ಕೆ ಮಾತ್ರ. ನಮ್ಮ ಶ್ರವಣ, ಅಭಿಜಿತ್ ನಕ್ಷತ್ರಗಳೇ ಇವರು! ಈ ಕಥೆ ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅದು ಸುಮ್ನೆ ಇನ್ನೊಂದು ಮೆರವಣಿಗೆ ಅಷ್ಟೇ. ನನಗೆ ಜಾಸ್ತಿ ಇಷ್ಟವಾಗಿದ್ದು ಆಸೆ ಬರೆದು ಕಟ್ಟುವ ಚೀಟಿಗಳು. ನಾವು ಕನ್ನಡದಲ್ಲೇ ಬರೆದೆವು. ಆಗ ಅಲ್ಲಿ ಮಳೆಗಾಲ ಅಲ್ವಾ, ರೇನ್‌ಕೋಟ್ ಇಟ್ಟುಕೊಳ್ಳಿ.