ಹುಬ್ಬಿನ ನಡುವಿನ ಗೆರೆಗೆ ಇಂಜೆಕ್ಷನ್

ಪ್ರಶ್ನೆ: ಡಾಕ್ಟ್ರೇ, ನನಗೆ 48 ವರ್ಷ. ಮುಂದಿನ ತಿಂಗಳು ಮಗಳ ಮದುವೆ. ಹುಬ್ಬಿನ ನಡುವಿನ ಗೆರೆ ಹೋಗಲು ಬೊಟಾಕ್ಸ್ ಹಾಕುತ್ತೇವೆ ಅಂತ ಬ್ಯೂಟಿ ಪಾರ್ಲರಿನವರು ಹೇಳಿದ್ದಾರೆ. ಹಾಕಿಸಿಕೊಳ್ಳಲಾ?
— ಓದುಗರೊಬ್ಬರು, ಶಿರಸಿ

ಉತ್ತರ: ಪಾರ್ಲರಿನಲ್ಲಿ ಬೇಡವೇ ಬೇಡ ಅಮ್ಮ. ಇದು ಔಷಧ, ಚರ್ಮದ ಡಾಕ್ಟರ ಹತ್ತಿರವೇ ಹಾಕಿಸಿಕೊಳ್ಳಿ.

ಮೊದಲು ಕನ್ನಡಿ ಮುಂದೆ ನಿಂತು ಹುಬ್ಬು ಗಂಟಿಕ್ಕಿ, ಆಮೇಲೆ ಮುಖ ಸಡಿಲ ಬಿಡಿ. ಗಂಟಿಕ್ಕಿದಾಗ ಮಾತ್ರ ಗೆರೆ ಮೂಡಿದರೆ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಸುಮ್ನೆ ಇದ್ದಾಗಲೂ ಆಳವಾಗಿ ಕಂಡರೆ ಪೂರ್ತಿ ಹೋಗುವುದು ಕಷ್ಟ. 

ಈ ಮದ್ದು ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ತಡೆಯುತ್ತದೆ; ಸ್ನಾಯು ಸಡಿಲವಾಗಿ ಗೆರೆ ಕಡಿಮೆಯಾಗುತ್ತದೆ. ಪರಿಣಾಮ 3–5 ದಿನಕ್ಕೆ ಶುರುವಾಗಿ, ಸುಮಾರು 2 ವಾರಕ್ಕೆ ಪೂರ್ತಿ ಗೊತ್ತಾಗುತ್ತದೆ. 3–4 ತಿಂಗಳಿಗೆ ಇಳಿಯುತ್ತದೆ. ಕೆಲವರಿಗೆ ರೆಪ್ಪೆ ಜೋತುಬಿದ್ದು, ಸರಿಯಾಗಲು ವಾರಗಳೇ ಬೇಕು. ಮದುವೆ ಇಷ್ಟು ಹತ್ತಿರ ಇರುವಾಗ ಮೊದಲ ಸಲ ಹಾಕಿಸುವುದು ನನಗೆ ಇಷ್ಟವಿಲ್ಲ.

ಮಯಸ್ತೇನಿಯಾದಂಥ, ಸ್ನಾಯುವಿನ ಬಲ ಕುಂದುವ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಗರ್ಭಿಣಿ, ಬಾಣಂತಿಯರಿಗೆ ಬೇಡ. ಹಾಕಿಸಿದ ದಿನ ಆ ಜಾಗ ಉಜ್ಜಬೇಡಿ. ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.