"ನಾನು ನೀರು ಹಾಕಿಲ್ಲ ಮೇಡಂ"

ಕೊಡಗಿನ ಸೋಮವಾರಪೇಟೆ ಕಡೆಯ ಹೆಣ್ಣುಮಗಳು. ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಮಾತಾಡಿದ್ದೆಲ್ಲ ಹಸುವಿನ ಬಗ್ಗೆ.

ಎರಡು ಮಿಶ್ರತಳಿ ಹಸು. ದಿನಕ್ಕೆ 16 ಲೀಟರ್ ಡೇರಿಗೆ ಹಾಕುತ್ತಿದ್ದವರು ಜುಲೈ-ಆಗಸ್ಟಿನ ಕಕ್ಕಡದ ಮಳೆ ಹೊತ್ತಿಗೆ 9ಕ್ಕೆ ಇಳಿದಿದ್ದರು. ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ. 8.5 ಇರಬೇಕಾದದ್ದು 8ಕ್ಕಿಂತ ಕೆಳಗೆ. ಕ್ಯಾನಿನ ಸಾಲಿನಲ್ಲಿ ಯಾರೋ, "ನಿಮ್ಮನೇಲಿ ಹಾಲಿಗೂ ಮಳೆ ಬೀಳ್ತದಾ?" ಅಂದರಂತೆ. ಎಲ್ಲರೂ ನಕ್ಕರು. ಅಂದಿನಿಂದ ಮಗನ ಕೈಲಿ ಹಾಲು ಕಳಿಸುತ್ತಿದ್ದರು. ಮನೆಯಲ್ಲಿ ಅತ್ತೆ, "ನಿನ್ನ ಕೈಗುಣ" ಅಂದರು. ಹಾಲು ಕರೆಯುವ ಹೊತ್ತಿಗೇ ಗಂಡ ಕೊಟ್ಟಿಗೆಗೆ ಬಂದು ಕೂಗಾಡುತ್ತಿದ್ದರು.

"ನಾನು ನೀರು ಹಾಕಿಲ್ಲ ಮೇಡಂ." ಮೂರು ಸಲ ಹೇಳಿದರು. ನಾನು ಕೇಳಿಯೇ ಇರಲಿಲ್ಲ.

ನನಗೆ ಹಸು ಗೊತ್ತಿಲ್ಲ. ಅದಕ್ಕೇ ದಿನಚರಿ ಕೇಳಿದೆ. ಕೊಟ್ಟಿಗೆಯ ನೆಲ ಒಣಗುವುದೇ ಇಲ್ಲ. ಬತ್ತದ ಹುಲ್ಲು ನೆನೆದು ಬೂಸ್ಟು ಹಿಡಿದಿದೆ. ತಿನ್ನುವುದು ಬರೀ ಎಳೆ ಹುಲ್ಲು. ಒಂದು ಹಸು ಕರು ಹಾಕಿ ವರ್ಷವಾದರೂ ಗಬ್ಬ ಕಟ್ಟಿಲ್ಲ. ಮೊದಲು ಪಶುವೈದ್ಯರಿಗೆ ತೋರಿಸಿ ಎಂದೆ.

ಅವರು ನೋಡಿದಾಗ ಒಂದಕ್ಕೆ ಹೊರಗೆ ಕಾಣದ ಕೆಚ್ಚಲು ಬಾವು ಇತ್ತು. ಅದರಲ್ಲಿ ಹಾಲೂ ಇಳಿಯುತ್ತದೆ, ಎಸ್‌ಎನ್‌ಎಫ್ ಕೂಡ. ಮಳೆಗಾಲದ ಎಳೆ ಹುಲ್ಲಿನಲ್ಲಿ ನೀರೇ ಜಾಸ್ತಿ, ಹೊಟ್ಟೆ ತುಂಬಿದರೂ ಸತ್ವ ಸಾಲದು. ಕರು ಹಾಕಿ ವರ್ಷವಾದ ಇನ್ನೊಂದರದ್ದು ಹಾಲು ಕಡಿಮೆಯಾಗುವ ಕಾಲವೇ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ನೋಡುವವರು ಬೇಕಲ್ವಾ? ಇವರು ಹಗಲೆಲ್ಲ ತೋಟದ ಕಳೆಯಲ್ಲಿ.

ಎರಡನೇ ಭೇಟಿಗೆ ಗಂಡನನ್ನೂ ಕರೆಸಿದೆ. ಔಷಧಿ ಕೊಟ್ಟಾಗ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಡೇರಿಯಿಂದ ಬರುವ ಬಿಲ್ಲಿನ ಹಣ ಇನ್ನೂ ಇಳಿಯುತ್ತದೆ, ಆಗ ಇವರ ಮೇಲೆ ಹೊಸ ತಪ್ಪು ಹೊರಿಸಬೇಡಿ ಎಂದೆ. ಕೂಗಾಟಕ್ಕೆ ಬೆದರಿದ ಹಸು ಹಾಲು ಬಿಡುವುದಿಲ್ಲ ಎಂದೂ ಹೇಳಿದೆ. ಹೆಂಡತಿಯ ಬಗ್ಗೆ ಹೇಳಿದ್ದಕ್ಕಿಂತ ಇದೇ ಅವರಿಗೆ ನಾಟಿತು! ಬೆಳಿಗ್ಗೆ ಸಗಣಿ ಬಾಚಿ ನೆಲ ಒಣಗಿಸುವುದು, ಬೆದೆ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅವರ ಪಾಲಿಗೆ ಬಂತು.

ಆಕೆಗೆ ಹೇಳಿದ್ದು, ಡೇರಿಗೆ ನೀವೇ ಹೋಗಿ. ಮೊದಲ ವಾರ ಪಕ್ಕದ ಮನೆಯವರ ಜೊತೆ. ಯಾರಾದರೂ ಕೆಣಕಿದರೆ "ಕೆಚ್ಚಲು ಬಾವು, ಔಷಧಿ ನಡೀತಿದೆ" ಅಂದರೆ ಸಾಕು, ಜಗಳ ಬೇಡ.

ಇನ್ನೊಂದು ವಿಷಯ ನಾನೇ ಎತ್ತಿದೆ. ಐದು ಗಂಟೆಗೆ ಎದ್ದು ಕರೆಯುವುದು ಈಕೆ. ಡೇರಿ ಸಂಘದ ಸದಸ್ಯತ್ವ ಗಂಡನ ಹೆಸರಲ್ಲಿ. ಸರ್ಕಾರದ ಪ್ರೋತ್ಸಾಹಧನವೂ ಅವರ ಖಾತೆಗೇ. ಬಿಲ್ಲು ಎಷ್ಟಾಯಿತೆಂದು ಈಕೆಗೆ ಗೊತ್ತೇ ಇರುತ್ತಿರಲಿಲ್ಲ. ಗಂಡ ಮುಖ ಗಂಟಿಕ್ಕಿದರು. ನಾನು ಸ್ವಲ್ಪ ಅವಸರ ಮಾಡಿದೆನೇನೋ.

ಮೂರನೇ ಸಲ ಬಂದಾಗ ಹಾಲು 11 ಲೀಟರ್. ರಾತ್ರಿ ಒಂದಿಷ್ಟು ನಿದ್ದೆ. ಸದಸ್ಯತ್ವದ ಮಾತು ಇನ್ನೂ ಅಲ್ಲೇ ಇದೆ. ಬಿಲ್ಲಿನ ಚೀಟಿಯನ್ನು ಮಾತ್ರ ಈಗ ಆಕೆಯ ಕೈಗೆ ಕೊಡುತ್ತಾರಂತೆ.